ಕೌಂಟರಿನ ಮೇಲೆ ತುಂಬಿದ ಉಡಿ

ನಾನು ನಿಂತಿದ್ದದ್ದು ನೆಲದ ಹಳದಿ ಗೆರೆಯ ಈಚೆ, ಬ್ಯಾಗು ತೂಗುವ ಪಟ್ಟಿಯಿಂದ ಒಂದು ಮೊಳ ದೂರದಲ್ಲಿ, ಅತ್ತೆಯ ಎಡಕ್ಕೆ. ಸ್ಥಳ ಸೊಲ್ಲಾಪುರದ ವಿಮಾನ ನಿಲ್ದಾಣ. ಹೋದ ವರ್ಷ ದೀಪಾವಳಿ ಕಳೆದ ಮೇಲಿನ ಮೊದಲ ಸೋಮವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ. ನನಗೂ ಕೌಂಟರಿಗೂ ನಡುವೆ ಯಾರೂ ಇರಲಿಲ್ಲ. ಅಲ್ಲಿ ಆದದ್ದೆಲ್ಲ ನನಗೆ ಕಾಣುತ್ತಿತ್ತು, ಆಡಿದ ಮಾತೆಲ್ಲ ಕೇಳುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತಲೆಯ ಮೇಲಿದ್ದ ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಅಕ್ಕಲಕೋಟೆಯ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟಿದ್ದೇವೆ. ಮಾವ ಕೊನೆಯವರೆಗೂ ಹೊಲ ನೋಡಿಕೊಂಡವರು. ಅವರ ಮಗಳು ಮುಂಬಯಿಯಲ್ಲಿ ಬಸುರಿ, ಏಳು ತುಂಬಿತ್ತು. ಉಡಿ ತುಂಬಲು, ಎಂದರೆ ಮಡಿಲಿಗೆ ಅಕ್ಕಿ, ಅರಿಸಿನ ಹಾಕಿ ಹರಸಲು, ತಾಯಿ ಹೋಗಬೇಕು, ಅತ್ತೆಯ ಮೊಣಕಾಲು ರಾತ್ರಿಯಿಡೀ ರೈಲಿನಲ್ಲಿ ಕೂರಲು ಬಿಡದು. ಸೊಲ್ಲಾಪುರದ ನವಿ ಪೇಠದ ನಮ್ಮ ಬಟ್ಟೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ನಾನು ಅವರಿಬ್ಬರ ಜೊತೆ ಹೊರಟೆ. ಮೂವರಿಗೂ ಅದು ಮೊದಲ ವಿಮಾನ.

ಬಾಗಿಲ ಹೊರಗೆ ಟ್ರಾಲಿಯವನೊಬ್ಬ ನಮ್ಮ ಸಾಮಾನು ಕಾರಿನಿಂದ ಇಳಿಸಿ ಹೇರಿಕೊಂಡ. ನಾನು ಕಿಸೆಗೆ ಕೈ ಹಾಕಿದೆ. ಮಾವ ನನ್ನ ಮಣಿಕಟ್ಟು ಹಿಡಿದರು.

"ಏ, ಸರ್ಕಾರಿ ಮನಷ್ಯಾಗ ರೊಕ್ಕಾ ಕೊಟ್ಟ ಅವನ ಮರ್ಯಾದಿ ಕಳೀತಿ ಏನು? ಬಾರಪ್ಪಾ, ಒಂದ ದಿನ ನಮ್ಮೂರಿಗಿ ಬಾ, ಹೊಟ್ಟಿ ತುಂಬ ಉಂಡ ಹೋಗು."

"ಬರ್ತೀನ್ರಿ ಮಾಮಾ," ಎಂದ ಅವನು, "ಬರಾಕ ಎಸ್ಟೀ ಬಸ್ಸಿನ ತಿಕೀಟರೆ ಕೊಡ್ರಿ."

ಮಾವ ಗಹಗಹಿಸಿ ನಕ್ಕು ಕೈ ಬಿಟ್ಟರು. ನಾನು ನೋಟು ಕೊಟ್ಟೆ. ಅವನು ಎಲ್ಲರೆದುರಿಗೇ ಅದನ್ನು ಹಣೆಗೆ ಒತ್ತಿಕೊಂಡು ಜೇಬಿಗಿಟ್ಟ. ಯಾರೂ ಏನೂ ಅನ್ನಲಿಲ್ಲ. ನೋಟು ಕೊಡುವುದೆಂದರೆ ಇಲ್ಲಿ ಇಷ್ಟೇ ಎಂದು ನಾನೂ ತಿಳಿದುಕೊಂಡೆ, ಅತ್ತೆಯೂ ತಿಳಿದುಕೊಂಡಳು. ಬಾಗಿಲ ಹೊರಗಿನ ರೀತಿ ಬೇರೆ, ಕೌಂಟರಿನ ರೀತಿ ಬೇರೆ ಎಂದು ನಮಗೆ ಹೇಳಿದವರಿಲ್ಲ.

ಕೌಂಟರಿನಲ್ಲಿ ನೀಲಿ ಕೋಟಿನ ಹುಡುಗಿ ಇದ್ದಳು. ಟ್ರಾಲಿಯವನು ಬ್ಯಾಗನ್ನು ಪಟ್ಟಿಗೆ ಎತ್ತಿಟ್ಟು ಬದಿಗೆ ನಿಂತ. ತೂಕ ಹೆಚ್ಚು ಬಂತು. ಅವಳು ಮರಾಠಿಯಲ್ಲಿ, ಏನಾದರೂ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ ಎಂದಳು. ನಾನು ಜಿಪ್ಪು ಎಳೆದಾಗ ಮೇಲೆಯೇ ಖಡಕ್ ರೊಟ್ಟಿಯ ಗಂಟು ಕಂಡಿತು. ಹುಡುಗಿ ತಟ್ಟನೆ ಕನ್ನಡಕ್ಕೆ ತಿರುಗಿದಳು.

"ಅದನ್ನ ತಗೀರಿ ಮೊದಲ. ಬ್ಯಾಗಿನಾಗ ಹಾಕಿದ್ರ ಮುಂಬೈ ಮುಟ್ಟೂದ್ರಾಗ ನುಚ್ಚ ಆಗ್ತಾವ."

ಅತ್ತೆ ಮುಖ ಎತ್ತಿದಳು. "ಯಾವೂರಾಕಿ ಅವ್ವಾ ನೀ?"

"ಸಲಗರ ಬುದ್ರುಕ ರೀ ಅಜ್ಜಿ."

"ಅಯ್ಯ ನನ್ನವ್ವಾ! ನನ್ನ ತವರಲ್ಲ ಅದು!"

ಸಲಗರ ನಮ್ಮ ಮನೆತನದ ಊರು. ನಾವು ನವಿ ಪೇಠಕ್ಕೆ ಬಂದದ್ದು ಅಜ್ಜನ ಕಾಲಕ್ಕೆ. ತವರೂರಿನ ಹೆಣ್ಣುಮಗಳು, ಯಾವ ಮನೆಯವಳೇ ಆಗಲಿ, ಎದುರು ಸಿಕ್ಕರೆ ಬರಿಗೈಯಲ್ಲಿ ಕಳಿಸಬಾರದು ಎನ್ನುವುದು ನಮ್ಮ ಹೆಂಗಸರ ಕಟ್ಟಳೆ. ಮಗಳಿಗಾಗಿ ಕಟ್ಟಿದ್ದ ಉಡಿಯ ಸಾಮಾನು ಅತ್ತೆಯ ಕೈಚೀಲದಲ್ಲೇ ಇತ್ತು. ನಮ್ಮ ಅಂಗಡಿಯದೇ ಒಂದು ಹಸಿರು ಕುಪ್ಪಸದ ಖಣ ತೆಗೆದಳು. ಅದರ ಮೇಲೆ ಒಂದು ಬೊಗಸೆ ಅಕ್ಕಿ, ಅಡಿಕೆ, ಅರಿಸಿನಕೊಂಬು, ಮಡಚಿದ ನೂರರ ನೋಟು.

"ಸೆರಗಿಲ್ಲ ನಿನಗ. ಕೋಟಿನ ಅಂಚರೆ ಹಿಡಿ."

ಹುಡುಗಿ ಆಚೆ ಈಚೆ ನೋಡಿದಳು. "ಬ್ಯಾಡ್ರಿ ಅಜ್ಜಿ. ಇಲ್ಲಿ ನಡಿಯಂಗಿಲ್ಲ."

"ಉಡಿಗಿ ಬ್ಯಾಡ ಅನ್ನಬಾರದು."

"ಖರೇನ ಬ್ಯಾಡ್ರಿ, ನೌಕರಿ ಹೋಗ್ತದ."

ಎರಡು ಸಲ ಬೇಡವೆಂದಳು. ನಾನು ಕೇಳಿದ್ದೇನೆ. ಅತ್ತೆ ಅಷ್ಟರಲ್ಲಿ ಕೌಂಟರಿನ ಮೇಲೆ ಬಾಗಿ ಖಣವನ್ನು ಮುಂದಕ್ಕೆ ತಳ್ಳಿದ್ದಳು. ಖಣ ವಾಲಿತು, ಅಕ್ಕಿ ಜಾರಿತು. ಆಗ ಹುಡುಗಿಯ ಎರಡೂ ಕೈ ಮುಂದೆ ಬಂದು ಅದರ ಕೆಳಗೆ ಬೊಗಸೆಯಾದವು. ಉಡಿಯ ಅಕ್ಕಿ ನೆಲಕ್ಕೆ ಬೀಳಬಾರದು. ಸಲಗರದಲ್ಲಿ ಬೆಳೆದ ಕೈಗೆ ಅದು ಗೊತ್ತಿತ್ತು. ಕ್ಯಾಮೆರಾ ಕಂಡದ್ದು ಚಾಚಿದ ಎರಡು ಕೈ ಮತ್ತು ಒಂದು ನೋಟು.

ಹಿಂದಿನ ಬಾಗಿಲಿಂದ ಅವಳ ಮೇಲಧಿಕಾರಿ ಬಂದ. ಕೈಯಲ್ಲಿ ವಾಕಿಟಾಕಿ. ಅವನು ಕೂಗಾಡಲಿಲ್ಲ. ತೂಕದ ಪಟ್ಟಿಯನ್ನು ನೋಡಿದ, ರೊಟ್ಟಿಯ ಗಂಟನ್ನು ನೋಡಿದ, ನೋಟನ್ನು ನೋಡಿದ. ಕೊರಳಿನ ಕಾರ್ಡು ತೆಗೆದು ಇಡು ಎಂದು ಹುಡುಗಿಗೆ ಹೇಳಿದ. ಅವಳು ಅಕ್ಕಿಯನ್ನು ಮೆಲ್ಲನೆ ಮೇಜಿನ ಮೇಲಿಟ್ಟು ಕಾರ್ಡು ತೆಗೆದಳು. ಕಾರ್ಡಿನ ದಾರ ಜಡೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಅವಳಿಗೆ ಹೊತ್ತು ಹಿಡಿಯಿತು.

ಅವನು ಅತ್ತೆಯತ್ತ ತಿರುಗಿ ಮರಾಠಿಯಲ್ಲಿ ಮರ್ಯಾದೆಯಿಂದಲೇ ಕೇಳಿದ: ಆಜೀ, ಇದನ್ನು ನೀವಾಗಿ ಕೊಟ್ಟಿರಾ, ಅಥವಾ ಇವಳು ಕೇಳಿ ತೆಗೆದುಕೊಂಡಳಾ?

ಅತ್ತೆ ನಗುನಗುತ್ತ, ತಲೆ ಎತ್ತಿ, ಅವನದೇ ಭಾಷೆಯಲ್ಲಿ ಉತ್ತರ ಕೊಟ್ಟಳು.

"ಮೀ ಕೋಣ ದೇಣಾರ? ತಿಚಾ ಹಕ್ಕ ಹಾಯ, ತಿನಂ ಘೇತಲಾ."

ಕೊಡಲು ನಾನು ಯಾರು? ಅವಳ ಹಕ್ಕು, ಅವಳು ತೆಗೆದುಕೊಂಡಳು.

ನಮ್ಮ ಮನೆಯಲ್ಲಿ ಹೆಣ್ಣುಮಗಳಿಗೆ ಸೀರೆ ಕೊಟ್ಟವರು, ಕೊಟ್ಟೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕೊಟ್ಟದ್ದು ಹಂಗಿನದಾಗುತ್ತದೆ. ಅವಳದಿತ್ತು, ಅವಳು ಒಯ್ದಳು ಎನ್ನಬೇಕು. ಅತ್ತೆ ಜೀವನವೆಲ್ಲ ಹಾಗೆಯೇ ಆಡಿದವಳು. ಆ ಹುಡುಗಿಯನ್ನು ಸಾಕ್ಷಾತ್ ಮಗಳ ಸಾಲಿನಲ್ಲಿ ಕೂರಿಸಿದ್ದೇನೆ ಎಂಬ ಹಿಗ್ಗಿನಲ್ಲಿ, ಅವಳ ನೌಕರಿ ಕಳೆಯುವ ಮಾತನ್ನೇ ಆಡಿದ್ದಳು. ಹುಡುಗಿಗೆ ಆ ಮಾತಿನ ಮರ್ಯಾದೆಯೂ ತಿಳಿದಿತ್ತು, ಅದರಿಂದ ಆಗುವುದೂ ತಿಳಿದಿತ್ತು.

ನಾನು ಅಧಿಕಾರಿಗೆ ಹೇಳಿದೆ: ಅವಳು ಕೇಳಲಿಲ್ಲ, ಬೇಡ ಎಂದಳು. ಅವನು, ನೀವು ಇವರ ಕಡೆಯವರು, ನೋಟು ಇವರದು, ಇವರೇ ಹೇಳಬೇಕು ಎಂದ. ಹೆಚ್ಚಿನ ತೂಕ ಬಿಡಲು ಹುಡುಗಿ ಲಂಚ ಕೇಳಿದಳೆಂದು ಇವನು ತಿಳಿದಿದ್ದಾನೆ ಎಂದು ನಾನು ಅತ್ತೆಯ ಕಿವಿಯಲ್ಲಿ ಬಿಡಿಸಿ ಹೇಳಿದೆ. ಅವಳ ನಗು ಒಮ್ಮೆಲೇ ಹೋಗಲಿಲ್ಲ. ಮೊದಲು ಕಣ್ಣಿಂದ ಹೋಯಿತು, ಬಾಯಲ್ಲಿ ಇನ್ನೂ ಇತ್ತು.

"ಹಂಗಂತಾನ ಇವ?"

"ಹೌದತ್ತಿ. ನಾ ಕೊಟ್ಟೀನಿ, ಆಕಿ ಕೇಳಿಲ್ಲ ಅಂತ ಹೇಳು. ಅಷ್ಟ ಸಾಕು."

"ನಾಕ ಮಂದ್ಯಾಗ ನಿಂತು ಹೆಣ್ಣಮಗಳಿಗಿ ಕೊಟ್ಟೀನಿ ಅನ್ನಲಾ? ನಾಲಗಿ ಹೊಳ್ಳಂಗಿಲ್ಲೋ ನಂದು."

ಮಾವ ಮುಂದೆ ಬಂದರು. ಹೆಂಡತಿಗೆ ಅವರು ಎದುರಾಡಿದ್ದನ್ನು ನಾನು ಕಂಡವನಲ್ಲ.

"ನಿನ್ನ ನಾಲಗಿ ಮನಿಗಿ ಹೋಗಿ ತೊಳ್ಕೊ," ಎಂದರು. "ಆ ಕೂಸಿನ ಅನ್ನ ಹೊಂಟದ. ಹೇಳು."

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಸಾವಿನ ಮನೆಯಲ್ಲಿ ಎಳೆದುಕೊಳ್ಳುವ ಹಾಗೆ. ಆಮೇಲೆ ಒಂದೊಂದೇ ಮಾತನ್ನು ಮರಾಠಿಯಲ್ಲಿ ಕೆಳಗಿಟ್ಟಳು. ನಾನು ಕೊಟ್ಟೆ. ಅವಳು ಕೇಳಲಿಲ್ಲ. ಬೇಡ ಎಂದಳು. ನಾನೇ ತುರುಕಿದೆ. ಕೊನೆಗೆ ಕನ್ನಡದಲ್ಲಿ, ಯಾರಿಗೆ ಎಂದು ಹೇಳಲಾರೆ, "ತಪ್ಪಾತು" ಎಂದಳು.

ಅಧಿಕಾರಿ ತಲೆಯ ಮೇಲಿನ ಕ್ಯಾಮೆರಾ ನೋಡಿದ. ಎಲ್ಲ ವಾಪಸು ತೆಗೆದುಕೊಳ್ಳಿ, ಇಲ್ಲೇ, ಕ್ಯಾಮೆರಾದ ಕೆಳಗೆ ಎಂದ. ತುಂಬಿದ ಉಡಿಯನ್ನು ಮರಳಿ ಪಡೆದ ಹೆಂಗಸನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ನಾನು ಕಂಡೆ. ಅತ್ತೆ ಸೆರಗು ಹಿಡಿದಳು. ಹುಡುಗಿ ಖಣ, ನೋಟು, ಅರಿಸಿನಕೊಂಬು, ಅಡಿಕೆ, ಒಂದೊಂದಾಗಿ ಇಟ್ಟಳು. ಅಕ್ಕಿಯನ್ನು ಬೆರಳಿಂದ ಬಳಿದು ಬಳಿದು ಹಾಕಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೀಬೋರ್ಡಿನ ಸಂದಿಯಲ್ಲಿ ಕೆಲವು ಕಾಳು ಉಳಿದವು. ಅವು ಬರಲಿಲ್ಲ.

ಅಧಿಕಾರಿ ಕಾರ್ಡನ್ನು ಅವಳ ಕಡೆಗೆ ಸರಿಸಿದ. ಸದ್ಯಕ್ಕೆ ಹಾಕಿಕೋ ಎಂದ. ಮುಂದೆ ಮೇಲಿನವರು ಕ್ಯಾಮೆರಾ ನೋಡಿ ಕೇಳಿದರೆ ಹೇಳುವವರು ಬೇಕಾಗುತ್ತಾರೆ ಎಂದು ನನಗೆ ಹೇಳಿದ. ಬರುತ್ತೇನೆ ಎಂದೆ.

ವಿಮಾನದಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಳು, ಹೊರಗೆ ನೋಡಲಿಲ್ಲ. ಆ ಖಣವನ್ನು ಮಗಳ ಉಡಿಗೂ ಹಾಕಲಿಲ್ಲ. ಅದು ಈಗಲೂ ಅವಳ ಟ್ರಂಕಿನಲ್ಲಿದೆ.

ಮುಂಬಯಿಯಿಂದ ಮರಳಿ ಬಂದಾಗ ಆ ಹುಡುಗಿ ಅಲ್ಲೇ ಇದ್ದಳು, ಬ್ಯಾಗು ಬರುವ ಜಾಗದಲ್ಲಿ, ಕೊರಳಲ್ಲಿ ಕಾರ್ಡಿತ್ತು. ಅತ್ತೆಯನ್ನು ಕಂಡು ಮೊದಲು ಮೇಲಿನ ಕ್ಯಾಮೆರಾ ನೋಡಿದಳು, ಆಮೇಲೆ ನಮ್ಮನ್ನು ನೋಡಿದಳು. ಅತ್ತೆ ಹತ್ತಿರ ಹೋಗಲಿಲ್ಲ. ಎರಡೂ ಬರಿಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕ್ಯಾಮೆರಾಕ್ಕೆ ಕಾಣುವ ಹಾಗೆ ಬೆನ್ನು ತಿರುಗಿಸಿ ನಿಂತು, ಹೆಗಲ ಮೇಲಿಂದ ಕೇಳಿದಳು:

"ಆರಾಮ ಇದ್ದಿ ಏನವ್ವಾ?"

"ಆರಾಮ ರೀ ಅಜ್ಜಿ."

ಅಷ್ಟೇ ಮಾತು.

ಇಲ್ಲಿಯವರೆಗೆ ನನ್ನನ್ನು ಯಾರೂ ಕರೆದು ಕೇಳಿಲ್ಲ. ಮಾವ ಈ ಬೇಸಿಗೆಯಲ್ಲಿ ತೀರಿಕೊಂಡರು. ಕೇಳಿದ್ದರೆ ನನಗಿಂತ ಚೆನ್ನಾಗಿ ಅವರು ಹೇಳುತ್ತಿದ್ದರು. ಅವರನ್ನು ಬಿಟ್ಟರೆ ಅಂದು ಕಂಡವರು ಇವರು: ಅಕ್ಕಲಕೋಟೆಯ ಕಡೆಯ ಹಳ್ಳಿಯಲ್ಲಿ ನನ್ನ ಅತ್ತೆ, ನಮ್ಮ ಬ್ಯಾಗು ಪಟ್ಟಿಗೆ ಎತ್ತಿಟ್ಟು ಇನ್ನೂ ಅಲ್ಲೇ ನಿಂತಿದ್ದ ಟ್ರಾಲಿಯವನು, ವಾಕಿಟಾಕಿಯ ಆ ಅಧಿಕಾರಿ, ಸಲಗರದ ಹುಡುಗಿ, ಮತ್ತು ನಾನು. ಎಲ್ಲರೂ ಇದ್ದೇವೆ.