ಮೈಕಿಗೆ ಬೇಕಾದದ್ದು ಒಂದು ಗೇಣು

ನಮ್ಮ ಊರುಗಳಲ್ಲಿ ಸಾವಿನ ಸುದ್ದಿ ಎಲ್ಲರ ಮನೆಯ ಒಲೆಯ ತನಕ ಹೋಗುತ್ತದೆ; ಸುದ್ದಿ ಹೇಳಿದವರು ಹೊಸ್ತಿಲ ಈಚೆಗೇ ನಿಲ್ಲುತ್ತಾರೆ. ಇದು ಹೊಸ ಮಾತಲ್ಲ, ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ, ಆಟೋದ ಸ್ಪೀಕರು ಓಣಿಗೆ ಬಂದಾಗ ಟಿವಿ ಸಣ್ಣ ಮಾಡಿ ಕೇಳುತ್ತೀರಿ, ಅದು ದಾಟಿದ ಮೇಲೆ ಮತ್ತೆ ದೊಡ್ಡದು ಮಾಡುತ್ತೀರಿ.

ಆ ಸ್ಪೀಕರಿನಲ್ಲಿ ಮಾತಾಡುವವಳು ಮಾಸೂರಿನ ನಾಗರತ್ನಾ. ಗೋವಿನಜೋಳದ ಖರೀದಿ, ಹತ್ತಿ ಬೀಜ, ಪೋಲಿಯೋ ಹನಿ, ನಳ ಬಿಡುವ ಹೊತ್ತು, ಕಳೆದುಹೋದ ಎಮ್ಮೆ, ಸತ್ತವರು. ಹಿರೇಕೆರೂರಿನಿಂದ ಹೊರಟ ಅವಳ ಧ್ವನಿ ಹಾನಗಲ್ಲ, ಶಿಗ್ಗಾವಿ, ಸವಣೂರಿನ ಓಣಿಗಳನ್ನೆಲ್ಲ ಸುತ್ತಿ ಬಂದಿದೆ. ಆ ಊರುಗಳಲ್ಲಿ ಕೆಲವನ್ನು ಅವಳು ಕಣ್ಣಾರೆ ಕಂಡದ್ದಿಲ್ಲ.

ಅವಳ ಅಪ್ಪ ಮಾರೆಪ್ಪ ಹಲಗಿ ಬಡಿದು ಡಂಗುರ ಸಾರುತ್ತಿದ್ದವನು. ಅದು ಅವನು ಆರಿಸಿಕೊಂಡ ಕೆಲಸವಲ್ಲ. ಹುಟ್ಟಿದ ಕೇರಿ ನೋಡಿ ಊರು ಹೊರಿಸಿದ್ದು. ಒಂದು ದಿನ ಹಲಗಿಯನ್ನು ಗೋಡೆಯ ಗೂಟಕ್ಕೆ ಸಿಗಿಸಿದ, ಬುದ್ಧನ ಪಟ ತಂದು ಎದುರಿಗೆ ಹಾಕಿದ, ಮತ್ತೆ ಹಲಗಿ ಕೆಳಗಿಳಿಸಲಿಲ್ಲ. ಮಗಳಿಗೆ ಅವನು ಕಲಿಸಿ ಹೋದದ್ದು ಒಂದೇ ಸಂಗತಿ. "ಸತ್ತವರ ಹೆಸರ ಹೇಳೂಕಿಂತ ಮುಂಚೆ ಒಂದ್ ಉಸರ ನಿಲ್ಲಬೇಕವಾ. ಕೈಯಾಗಿನ ಕೆಲಸ ಕೆಳಗ ಇಡಾಕ ಮಂದಿಗೆ ಯಾಳೆ ಕೊಡಬೇಕ."

ಅವಳು ಹಾಗೆಯೇ ಮಾಡುತ್ತಿದ್ದಳು. ಹಿರೇಕೆರೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಪರಮೇಶನ ಸೌಂಡ್ ಅಂಗಡಿ. ಕೇರಿಯ ಕಾರ್ಯಕ್ರಮಕ್ಕೆ ಸ್ಪೀಕರು ಕೇಳಲು ಹೋದವಳು, ಓದುವವನು ಬಾರದ ದಿನ ಒಂದು ಚೀಟಿ ಓದಿಕೊಟ್ಟಿದ್ದಳು. ಅಂದಿನಿಂದ ಅಲ್ಲಿಯೇ ಓದುತ್ತ ಬಂದಳು; ರೆಕಾರ್ಡ್ ಆದ ಧ್ವನಿ ಆಟೋ ಹತ್ತಿ ಊರೂರಿಗೆ ಹೋಗುತ್ತಿತ್ತು. ಅಂಗಡಿಯ ಸ್ಟೂಲು, ಮೈಕು, ಚೀಟಿ. ಅದರ ಮುಂದೆ ಕೂತಾಗ ಅವಳನ್ನು ಯಾರೂ ಯಾವ ಓಣಿಯವಳು ಎಂದು ಕೇಳುತ್ತಿರಲಿಲ್ಲ. ಅವಳಿಗೆ ಬೇಕಾದದ್ದೂ ಅಷ್ಟೇ: ಆ ಸ್ಟೂಲು ಉಳಿಯಬೇಕು.

ಹೋದ ವರ್ಷ ಪರಮೇಶ ಹೊಸ ಮೈಕು ತರಿಸಿದ. ಡಬ್ಬಿ ಬಿಚ್ಚುವಾಗ ಅವನ ಮುಖ ಮದುವೆ ಮನೆಯವರ ಮುಖದಂತಿತ್ತು.

"ಡಿಜಿಟಲ್ ಐತಿದು, ನಾಗರತ್ನಾ. ಸ್ಟುಡಿಯೋದಾಗ ಇಡ್ತಾರಲ್ಲ, ಅದ. ಸೀದಾ ಕಂಪ್ಯೂಟರಿಗೆ ಚುಚ್ಚೂದು. ಮಿಕ್ಸರ್ ಬ್ಯಾಡ, ಏನೂ ಬ್ಯಾಡ."

ಮೇಜಿನ ಅಂಚಿಗೆ ಕಬ್ಬಿಣದ ತೋಳು ಬಿಗಿದ. ಅದರ ತುದಿಗೆ ಮೈಕು, ಮೈಕಿನ ಮುಂದೆ ಬಾಯಿಯ ಗಾಳಿ ತಡೆಯುವ ದುಂಡನೆಯ ಜಾಳಿಗೆ. ವಾಯರನ್ನು ಲ್ಯಾಪ್‌ಟಾಪಿಗೆ ಚುಚ್ಚಿದಾಗ ಹಸಿರು ದೀಪ ಹತ್ತಿತು. ನಾಗರತ್ನಾ ಹಳೆಯ ರೂಢಿಯಂತೆ ಮೈಕಿನ ನೆತ್ತಿಗೆ ಬಾಯಿ ಹಚ್ಚಿ ಓದಿದಳು. ಪರದೆಯ ಮೇಲೆ ಧ್ವನಿಯ ಗೆರೆ ಮೇಲೇಳಲೇ ಇಲ್ಲ.

ಪಕ್ಕದ ಅಂಗಡಿಯ ನಯೀಮ ಇಣುಕಿ ನಕ್ಕ. ಮೊಬೈಲ್, ಕಂಪ್ಯೂಟರ್ ರಿಪೇರಿ ಅವನ ದಂಧೆ. "ಅಕ್ಕಾ, ಅದೇನ ಐಸ್‌ಕ್ರೀಮ್ ಏನ್ರಿ ಮ್ಯಾಲಿಂದ ಬಾಯಿ ಹಾಕಾಕ? ಇದಕ್ಕ ಮಗ್ಗಲಿಂದ ಮಾತಾಡಬೇಕ್ರಿ. ಒಂದ್ ಗೇಣ ದೂರ, ಸಾಕು." ಕೈಯಗಲಿಸಿ ಅವಳ ಗದ್ದಕ್ಕೂ ಮೈಕಿಗೂ ನಡುವೆ ಗೇಣು ಹಿಡಿದು ತೋರಿಸಿದ.

ಈಗ ಗೆರೆ ಎದ್ದಿತು. ಕೇಳಿಸಿಕೊಂಡರೆ ಅವಳ ಧ್ವನಿ ಕಿವಿಯ ಹತ್ತಿರವೇ ಇತ್ತು, ಉಸಿರಿನ ಸಮೇತ. ಅದರ ಹಿಂದೆ ಉಳಿದದ್ದೆಲ್ಲವೂ ಇತ್ತು: ಹಾವೇರಿ ಹಾವೇರಿ ಎನ್ನುವ ಕಂಡಕ್ಟರು, ಗೋವಿನಜೋಳದ ಲಾರಿಯ ಹಾರ್ನು, ಚಹಾದಂಗಡಿಯ ಗಲಾಟೆ.

"ಪರಮೇಶಣ್ಣಾ, ಹೆಣದ ಸುದ್ದ್ಯಾಗ ಎರಡ ಸ್ಪೆಷಲ್ ಚಾ ಆರ್ಡರ್ ಬಂದೈತಿ ನೋಡ್ರಿ" ಎಂದ ನಯೀಮ. "ಇದು ಎಲ್ಲಾ ಕೇಳ್ತೈತಿ. ಇದಕ್ಕ ಸಪ್ಪಳ ಇಲ್ಲದ ಖೋಲಿ ಬೇಕು. ಸುತ್ತ ಕೌದಿ ಕಟ್ರಿ, ಧ್ವನಿ ಗುಂಯ್ ಅನ್ನಂಗಿಲ್ಲ."

ಸಪ್ಪಳವಿಲ್ಲದ ಖೋಲಿ ಪರಮೇಶನ ಮನೆಯಲ್ಲಿತ್ತು. ಪಡಸಾಲೆ ದಾಟಿ, ಅಡಿಗೆ ಮನೆ ದಾಟಿ, ದೇವರ ಜಗಲಿಯ ಮಗ್ಗಲಿಗೆ. ಕಾಳಿನ ಚೀಲ ಇಡುವ ಖೋಲಿ. ಮಣ್ಣಿನ ದಪ್ಪ ಗೋಡೆ, ಹಿತ್ತಲ ಕಡೆ ಒಂದು ಸಣ್ಣ ಕಿಟಕಿ. ಅವನು ಚೀಲ ಸರಿಸಿ, ಮೂರೂ ಗೋಡೆಗೆ ಮನೆಯ ಕೌದಿ ಇಳಿಬಿಟ್ಟ. ಅವುಗಳಲ್ಲಿ ಕೆಂಪು ಅಂಚಿನದು ನಾಗರತ್ನಾಳ ಅವ್ವ ದುರಗವ್ವ ಹೊಲಿದುಕೊಟ್ಟದ್ದು. ಕಿಟಕಿಯ ಸರಳಿನೊಳಗಿಂದ ಅದನ್ನು ನಾಗರತ್ನಾ ಗುರುತು ಹಿಡಿದಳು. ಕಿಟಕಿಯಿಂದಲೇ, ಏಕೆಂದರೆ ಅವಳು ಇದ್ದದ್ದು ಹಿತ್ತಲಲ್ಲಿ.

ಮುಂಬಾಗಿಲಲ್ಲಿ ಪರಮೇಶನ ತಾಯಿ ಭರಮವ್ವ ಅಕ್ಕರೆಯಿಂದಲೇ ತಡೆದಿದ್ದಳು. ಬೈಯಲಿಲ್ಲ. ಬೈದಿದ್ದರೆ ಒಂದು ಮಾತಾದರೂ ಆಗುತ್ತಿತ್ತು.

"ಬಿಸಲಾಗ ಬಂದೀಯವಾ, ಕಟ್ಟಿ ಮ್ಯಾಲ ಕುಂದ್ರು, ಚಾ ತರ್ತೇನಿ. ಒಳಗ ಮಾತ್ರ ಬ್ಯಾಡ. ನನಗೇನಿಲ್ಲವಾ, ದೇವರ ಜಗಲಿ ಮಗ್ಗಲದಾಗ ಐತೆಲಾ? ನೀನ ತಿಳದಾಕಿ."

ಚಹಾ ಬಂತು. ನಾಗರತ್ನಾಳಿಗೆ ಪೇಪರ್ ಕಪ್ಪು, ಪರಮೇಶನಿಗೆ ಸ್ಟೀಲಿನ ಲೋಟ. ಪರಮೇಶ ಲೋಟದೊಳಗೇ ನೋಡುತ್ತ ಕುಡಿದ. "ಅವ್ವಗ ವಯಸ್ಸಾಗೈತಿ" ಎಂದ, ಲೋಟಕ್ಕೆ ಹೇಳಿದಂತೆ. "ಎದಕ್ಕ ಸುಮ್ನ ಮನಸಿಗೆ ತ್ರಾಸ ಕೊಡೂದು? ನಾ ಏನರ ಮಾಡ್ತೇನಿ ತಡಿ."

ಅವನು ಏನು ಮಾಡಿದ ಗೊತ್ತೇ? ತಾಯಿಗೆ ಒಂದು ಮಾತು ಹೇಳುವ ಬದಲು ವಾಯರು ತಂದ. ಲ್ಯಾಪ್‌ಟಾಪು ಕೊಟ್ಟಿಗೆಯ ಧೂಳು ಬಡಿಯದಂತೆ ಒಳಗೆ, ವಾಯರು ಕಿಟಕಿಯಿಂದ ಹೊರಗೆ, ಹಿತ್ತಲು ದಾಟಿ ದನದ ಕೊಟ್ಟಿಗೆಗೆ. ಎರಡು ಕೌದಿ ಬಿಚ್ಚಿ ತಂದು ಮೇವಿನ ಗೊಂತಿನ ಮೇಲೆ ಕಟ್ಟಿದ. ಮೈಕು ಅಲ್ಲಿ, ನಾಗರತ್ನಾ ಅಲ್ಲಿ. ವಾಯರು ಮುಟ್ಟಲಿಲ್ಲ. ಅದಕ್ಕೆ ಇನ್ನೊಂದು ಜೋಡಿಸಿದ, ಆಮೇಲೆ ಮತ್ತೊಂದು. ಹಸಿರು ದೀಪ ಹತ್ತಿತು, ಆರಿತು, ಮತ್ತೆ ಹತ್ತಲಿಲ್ಲ. ಅವನು ಒಳಗೆ ಓಡಿದ, ಹೊರಗೆ ಓಡಿ ಬಂದ, ಪಿನ್ನಿಗೆ ಬಾಯಿಯಿಂದ ಗಾಳಿ ಊದಿದ. ಕಡೆಗೆ ನಯೀಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ಎಷ್ಟ ಉದ್ದ ಎಳದೀರಿ?"

"ಹಿತ್ತಲ ದಾಟಿ, ಕೊಟಗ್ಯಾತನಕ."

"ಯಪ್ಪಾ, ಅದು ಮೈಕಿನ ವಾಯರ್ ಐತ್ರಿ, ದನಾ ಕಟ್ಟೂ ಹಗ್ಗ ಅಲ್ಲ. ಅಷ್ಟ ದೂರ ಹೋದ್ರ ಕಂಪ್ಯೂಟರಿಗೆ ಮೈಕ್ ಐತಿ ಅಂತನ ಗೊತ್ತಾಗಂಗಿಲ್ಲ. ಮೈಕ್ ಒಳಗ ಇಡ್ರಿ."

"ಒಳಗ... ಆಗಂಗಿಲ್ಲಪಾ."

"ಯಾಕ ಆಗಂಗಿಲ್ಲ?"

ಪರಮೇಶ ಫೋನು ಇಟ್ಟ. ನಾಗರತ್ನಾ ಗೊಂತಿನ ಪಕ್ಕದಲ್ಲಿ ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದಳು. ಎಮ್ಮೆ ಒಂದು ಸಲ ಅವಳ ಕಡೆ ನೋಡಿ ಮೇವಿಗೆ ತಿರುಗಿತು. ಅವಳಿಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು ಎಂದು ಗೊತ್ತಿತ್ತು. ಚಳಿಗೆ ಜೋಮು ಹಿಡಿದ ಬೆರಳನ್ನು ನೋಡಿದಂತೆ ತನ್ನನ್ನು ತಾನು ನೋಡಿಕೊಂಡಳು. ಮೈಕು ಕೇಳಿದ್ದು ಒಂದು ಗೇಣು. ಮನೆ ಕೇಳಿದ್ದು ಇಡೀ ಹಿತ್ತಲು. ಎರಡಕ್ಕೂ ಹೊಂದುವ ವಾಯರು ಪೇಟೆಯಲ್ಲಿ ಸಿಗುವುದಿಲ್ಲ.

ಪರಮೇಶ ಸೋಲಲಿಲ್ಲ. ಸ್ಪೀಕರು ಸಾಗಿಸುವ ಹಳೆಯ ವ್ಯಾನನ್ನು ಹಿತ್ತಲಿಗೆ ತಂದ. ಕೌದಿಗಳನ್ನು ಅದರೊಳಗೆ ಕಟ್ಟಿ, ಮೈಕು, ಲ್ಯಾಪ್‌ಟಾಪು ಎರಡನ್ನೂ ಇಟ್ಟು, ಗಾಜು ಏರಿಸಿ, ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿದ. ಅವ್ವ ಹೊಲಿದ ಕೆಂಪು ಅಂಚಿನ ಕೌದಿ ಈಗ ಅವಳ ಕೆನ್ನೆಯ ಪಕ್ಕದಲ್ಲಿತ್ತು. ಒಳಗೆ ಬೆಂಕಿಯಂಥ ಸೆಕೆ. ಫ್ಯಾನು ಹಚ್ಚಿದರೆ ಮೈಕಿಗೆ ಕೇಳುತ್ತದೆ. ಅವಳು ಗೇಣು ದೂರ ಕೂತು, ಬೆವರು ಒರೆಸದೆ ಓದಿದಳು. ಸೆರಗು ಅಲುಗಿದರೂ ಮೈಕಿಗೆ ಕೇಳುತ್ತದೆ. ಎಲ್ಲವೂ ಕೇಳುವ ಆ ಮೈಕಿಗೆ, ಅವಳನ್ನು ಒಳಗೆ ಯಾಕೆ ಬಿಡಲಿಲ್ಲ ಎಂಬುದೊಂದು ಕೇಳಿಸಲಿಲ್ಲ.

ಕೆಲವು ದಿನ ಹೀಗೆ ನಡೆಯಿತು. ಆಮೇಲೆ ಪರಮೇಶ ಚೀಟಿಯ ಬದಲು ಬರೀ ಹೆಸರುಗಳನ್ನು ಕೊಡತೊಡಗಿದ. ಊರುಗಳ ಹೆಸರು, ಮಂದಿಯ ಹೆಸರು, ವಾರಗಳು, ಸಂಖ್ಯೆಗಳು, ಕಥೆಪುಸ್ತಕದ ಹಾಳೆಗಳು.

"ಇವ್ಯಾಕ್ರಿ ಅಣ್ಣಾರ?"

"ಸ್ಟಾಕ್ ಇರ್ಲಿ ಅಂತ. ನಿನಗೂ ಈ ಸೆಕಿಯೊಳಗ ದಿನಾ ಬರೂ ತ್ರಾಸ ತಪ್ತೈತಿ."

ಅವಳು ಓದಿಕೊಟ್ಟಳು. ಬಂಕಾಪುರ ಎಂದಳು, ಸವಣೂರು ಎಂದಳು, ಸರ್ವರೂ ಬರಬೇಕು ಎಂದಳು. ಎಲ್ಲ ಮುಗಿದ ಮೇಲೆ ಪರಮೇಶನ ಫೋನು ಬರುವುದು ನಿಂತಿತು. ಅವಳು ಕಾದಳು. ಆಮೇಲೆ ಮದಗದ ಕೆರೆಯ ನೀರುಂಡ ಗದ್ದೆಗಳಿಗೆ ಉಳಿದ ಹೆಂಗಸರೊಡನೆ ಕಳೆ ತೆಗೆಯಲು ಹೊರಟಳು. ದುರಗವ್ವ ಕೇಳಿದಾಗ "ಕೆಲಸ ಇಲ್ಲಂತ" ಎಂದಳು. ಅಷ್ಟೇ.

ಒಂದು ಮುಂಜಾನೆ ರಸ್ತೆಯ ಮೇಲೆ ಆಟೋ ಬಂತು. ಗದ್ದೆಯಲ್ಲಿ ಬಗ್ಗಿದ್ದವರೆಲ್ಲ ತಲೆಯೆತ್ತಿದರು.

"ಹಿರೇಕೆರೂರಿನ ಭರಮವ್ವನವರು ಇಂದು ಬೆಳಿಗ್ಗೆ ಶಿವಾಧೀನರಾಗಿದ್ದಾರೆ. ಬಂಧುಗಳು, ಹಿತೈಷಿಗಳು, ಸರ್ವರೂ ಬರಬೇಕಾಗಿ ವಿನಂತಿ."

ಭರಮವ್ವನ ತವರು ಮಾಸೂರು. ಅದಕ್ಕೇ ಆಟೋ ಇಲ್ಲಿಯ ತನಕ ಬಂದಿತ್ತು. ಪಕ್ಕದ ಸಾಲಿನ ಶೇಖವ್ವ ಕುಡುಗೋಲು ಹಿಡಿದ ಕೈಯಿಂದಲೇ ಬಿಸಿಲು ಮರೆ ಮಾಡಿಕೊಂಡು ನೋಡಿದಳು.

"ಏ ನಾಗಿ, ಯಾವಾಗ ಹೋಗಿದ್ದಿ ಇದನ್ನ ಹೇಳಾಕ? ನಸಿಕಿನಿಂದ ನನ್ನ ಕೂಡನ ಅದಿಯೆಲ್ಲಾ!"

"ನಾ ಹೋಗಿಲ್ಲ."

"ಹಂಗಾರ ಅದ್ಯಾರ ಮಾತಾಡಾಕತ್ತಾರು?"

"ನಾನ."

ಶೇಖವ್ವ ನಗಬೇಕೋ ಬೇಡವೋ ತಿಳಿಯದೆ ನಿಂತಳು. "ಹೋಗವಾ ಮತ್ತ. ನಿನ್ನ ಧ್ವನಿನ ಸರ್ವರೂ ಬರ್ರಿ ಅಂತ ಕರಿಯಾಕತ್ತೈತಿ. ನೀ ಸರ್ವರೊಳಗ ಬರ್ತೀಯೋ ಇಲ್ಲೋ?"

ನಾಗರತ್ನಾ ಬೇರೆ ಏನನ್ನೋ ಕೇಳುತ್ತಿದ್ದಳು. ಆಟೋ ತಿರುಗಿ ಬಂದಾಗ ಖಾತ್ರಿಯಾಯಿತು. ಧ್ವನಿ ಅವಳದೇ, ಏರಿಳಿತ ಅವಳದೇ. ಆದರೆ ಭರಮವ್ವ ಎನ್ನುವ ಮುನ್ನ ಅದು ಒಂದು ಉಸಿರು ನಿಲ್ಲಲಿಲ್ಲ. ಎಮ್ಮೆ ಕಳೆದುಹೋದದ್ದನ್ನು ಹೇಳಿದಂತೆ ಹೇಳಿ ಮುಂದಕ್ಕೆ ಹೋಯಿತು. ಅವಳು ಓದಿಕೊಟ್ಟ ಹೆಸರು, ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಪರಮೇಶ ಅವಳು ಹೇಳದ ಮಾತನ್ನೂ ಅವಳಿಲ್ಲದೆಯೇ ಅವಳ ಧ್ವನಿಯಲ್ಲಿ ಹೇಳಿಸುತ್ತಿದ್ದ. ಅವಳು ಬಗ್ಗಿ ಮತ್ತೊಂದು ಕಳೆ ಕಿತ್ತಳು.

ದಿನ-ಕರ್ಮಗಳೆಲ್ಲ ಮುಗಿದ ಮೇಲೆ ಹಿರೇಕೆರೂರಿಗೆ ಹೋದಳು. ಪರಮೇಶ ಮನೆಯ ಕಟ್ಟೆಯ ಮೇಲೆ ತಲೆ ಬೋಳಿಸಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದ.

"ಬಾ ನಾಗರತ್ನಾ. ಒಳಗ ಬಾ." ತಾನೇ ಬಾಗಿಲು ಪೂರ್ತಿ ತೆರೆದ. ಪಡಸಾಲೆಯಾಚೆ ಒಳಖೋಲಿ ಕಾಣುತ್ತಿತ್ತು. ಕೌದಿಗಳು ಮತ್ತೆ ಗೋಡೆಗೆ ಬಂದಿದ್ದವು, ಮೈಕಿನ ಮುಂದೆ ಸ್ಟೂಲೂ ಇತ್ತು. "ಇನ್ನ ಬ್ಯಾಡ ಅನ್ನಾವ್ರ ಯಾರೂ ಇಲ್ಲ. ಕಂಪ್ಯೂಟರಿಂದು ಮಂದಿಗೆ ಹಿಡಸ್ಲಿಲ್ಲ, ಸತ್ತ ಮನಿಯವ್ರು ಬೈದ್ರು. ನೀನ ಕುಂತು ಓದಬೇಕ."

ಅವಳಿಗೆ ಬೇಕಾಗಿದ್ದ ಸ್ಟೂಲು ಅದೇ. ಅವಳು ಹೊಸ್ತಿಲಿನ ಈಚೆಗೇ ನಿಂತಳು.

"ಅವ್ವಾರು ಒಬ್ರ ತಡದಿದ್ರೇನ್ರಿ ನನ್ನ?"

ಪರಮೇಶ ಬೋಳು ತಲೆ ಸವರಿಕೊಂಡ.

"ವಾಯರ್ ಎಳದವ್ರು ನೀವು. ವ್ಯಾನ್ ತಂದವ್ರು ನೀವು. ಅವ್ವಾರಿಗೆ ವಾಯರ್ ಅಂದ್ರ ಏನಂತ ಗೊತ್ತಿದ್ದಿಲ್ಲ." ಧ್ವನಿ ಏರಲಿಲ್ಲ, ಇಳಿಯಲೂ ಇಲ್ಲ, ಗೋವಿನಜೋಳದ ದರ ಓದಿದಂತೆ ಓದಿದಳು. "ನನ್ನ ಧ್ವನಿ ಅದರಾಗಿಂದ ಅಳಿಸ್ರಿ."

"ಹಂಗಂದ್ರ ಹೆಂಗ? ಒಪ್ಕೊಂಡ ಆರ್ಡರ್ ಅದಾವಲ್ಲ... ಅವಿಷ್ಟು ಮುಗೀಲಿ, ಆಮ್ಯಾಲ ಅಳಿಸ್ತೇನಿ."

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಆಟೋ ಚಾಲೂ ಆಯಿತು. ಹಾನಗಲ್ಲ ಕಡೆಗೆ ಹೊರಟದ್ದು. ಹತ್ತಿ ಬೀಜ ಬಂದಿದೆ, ರೈತ ಬಾಂಧವರು ಇದರ ಲಾಭ ಪಡೆಯಬೇಕು ಎಂದು ನಾಗರತ್ನಾ ಹೇಳುತ್ತ ಹೋದಳು. ಕಟ್ಟೆ ಇಳಿದು ನಿಂತ ನಾಗರತ್ನಾ ಅದು ಮರೆಯಾಗುವ ತನಕ ಕೇಳಿಸಿಕೊಂಡು, ಮಾಸೂರಿನ ಬಸ್ಸಿಗೆ ನಡೆದಳು. ಪರಮೇಶ ತೆರೆದ ಬಾಗಿಲು ಹಿಡಿದುಕೊಂಡೇ ಇದ್ದ.

ನಾಳೆ ಆ ಆಟೋ ನಿಮ್ಮ ಓಣಿಗೆ ಬರುತ್ತದೆ. ಅಡ್ಡ ನಿಂತು ನಿಲ್ಲಿಸಿ. ಇದು ಯಾರ ಧ್ವನಿ, ಅವರನ್ನು ಕೇಳಿ ಹಾಕಿದ್ದೀರಾ ಎಂದು ಕೇಳಿ. ಹೆಸರು ಹೇಳುವ ತನಕ ಬಿಡಬೇಡಿ. ಆಮೇಲೆ ಮನೆಗೆ ಹೋಗಿ ನಿಮ್ಮ ಒಳಖೋಲಿಯ ಬಾಗಿಲು ತೆಗೆಯಿರಿ. ನಿಮ್ಮ ತಾಯಿ ಬದುಕಿರುವಾಗಲೇ, ಅವಳ ಕಣ್ಣೆದುರಿಗೇ ತೆಗೆಯಿರಿ.