ಶಾಲೆಯ ಹುಲ್ಲು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಷ್ಟ್ರಾಗಿದ್ದೆ. ಮಗ್ಗಿ ಕಲಿಸಿದ್ದರ ಬಗ್ಗೆ ನನಗೆ ಅಂಥ ಹೆಮ್ಮೆಯೇನಿಲ್ಲ. ಅದು ಎಲ್ಲ ಮಾಷ್ಟ್ರುಗಳೂ ಮಾಡುವ ಕೆಲಸ. ನಾನು ಎದೆಯುಬ್ಬಿಸಿ ಹೇಳಿಕೊಳ್ಳುವುದು ಶಾಲೆಯ ಮಾಡಿಗೆ, ಅಂದರೆ ಸೂರಿಗೆ, ಇಟ್ಟಿದ್ದ ಹುಲ್ಲನ್ನು ಬೇರೆಯವರ ಮನೆಗೆ ಹೊದೆಸಿದ ಕಥೆಯನ್ನು.

ಐವತ್ತರ ದಶಕದ ಕೊನೆ. ಸುಳ್ಯದಿಂದ ನಡೆದು ಹೋಗುವಷ್ಟು ದೂರದಲ್ಲಿ, ಅಜ್ಜಾವರದ ಕಡೆ, ನನ್ನದು ಒಬ್ಬನೇ ಮಾಷ್ಟ್ರ ಶಾಲೆ. ಮುರಕಲ್ಲಿನ ಗೋಡೆ, ಮುಳಿಹುಲ್ಲಿನ ಮಾಡು. ಆ ವರ್ಷ ಬೇಸಿಗೆ ರಜೆ ಶುರುವಾದ ವಾರವೇ ಒಬ್ಬ ಹೆಂಗಸು ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಶಾಲೆಯ ಜಗಲಿಗೆ ಬಂದಿಳಿದಳು. ಗಂಡ ತೀರಿಹೋಗಿದ್ದ. ಗಂಡಸಿಲ್ಲದೆ ಬೇಸಾಯ ಹೇಗೆ ನಡೆದೀತು ಎಂದು ಧಣಿ ಅವಳನ್ನು ಗೇಣಿ ಗದ್ದೆಯಿಂದ ಎಬ್ಬಿಸಿದ್ದ. ಗದ್ದೆ ಹೋದರೆ ಅದರ ಬದಿಯ ಮನೆಯೂ ಹೋಯಿತು, ಆಗಿನ ಕಾಲ ಹಾಗೆ. ನನಗೆ ಮೈಯೆಲ್ಲ ಉರಿಯಿತು. ಆದರೆ ನನ್ನ ಸಿಟ್ಟಿನಿಂದ ಅವರ ತಲೆಯ ಮೇಲೊಂದು ಸೂರು ಬರುವುದಿಲ್ಲವಲ್ಲ. ಜೂನ್‌ನಲ್ಲಿ ಮಕ್ಕಳು ಬರುತ್ತಾರೆ, ಅದರ ಹಿಂದೆಯೇ ಮಳೆಗಾಲ. ಅಷ್ಟರೊಳಗೆ ಅವರಿಗೊಂದು ಮನೆ ಆಗಲೇಬೇಕಿತ್ತು.

ಶಾಲೆಯ ಪಕ್ಕದ ಜಮೀನಿನ ಒಡತಿಯಾದ ಅಜ್ಜಿ ತನ್ನ ಗುಡ್ಡೆಯ ಬುಡದಲ್ಲಿ ಒಂದು ಮೂಲೆ ತೋರಿಸಿದಳು. "ಗೋಡೆ ಎಬ್ಬಿಸು. ಯಾರು ಎಂತ ಹೇಳ್ತಾರೆ, ನಾನು ನೋಡಿಕೊಳ್ತೇನೆ," ಎಂದಳು. ತಾಯಿ ಮಕ್ಕಳು ತಾವೇ ಮಣ್ಣು ತುಳಿದು ಗೋಡೆ ಇಟ್ಟರು. ಊರವರು ಬಿದಿರು, ಅಡಿಕೆ ಮರದ ಸಲಾಕೆ ಕೊಟ್ಟರು. ಹುಲ್ಲು ಮಾತ್ರ ಎಲ್ಲಿಯೂ ಇರಲಿಲ್ಲ. ಮುಳಿ ಕೊಯ್ಯುವುದು ಚಳಿಗಾಲದಲ್ಲಿ. ಮೇ ತಿಂಗಳಲ್ಲಿ ಅದೆಲ್ಲ ಅವರವರ ಮಾಡು ಏರಿ ಆಗಿರುತ್ತದೆ.

ಉಳಿದಿದ್ದದ್ದು ಶಾಲೆಯ ರಾಶಿ ಒಂದೇ. ಪ್ರತಿ ಮನೆಯಿಂದ ಒಂದೊಂದು ಕಟ್ಟು ಶಾಲೆಗೆ ಕೊಡುವುದು ಊರಿನ ಕ್ರಮ. ಮೇ ಕೊನೆಯ ವಾರ ಎಲ್ಲರೂ ಸೇರಿ ಮಾಡು ಹೊದೆಸಲು ಬಂದರು. ಬೆಳಿಗ್ಗೆ ಕೊಳೆತ ಹಳೆಯ ಹುಲ್ಲನ್ನೆಲ್ಲ ಕಿತ್ತು ಕೆಳಗೆ ಹಾಕಿಸಿದವನು ನಾನೇ. ಮಧ್ಯಾಹ್ನದ ಹೊತ್ತಿಗೆ ಮೂಡಲಲ್ಲಿ ಗುಡುಗಿತು. ಗುಡ್ಡೆಯ ಬುಡ ನೋಡಿದೆ. ಆ ಹೆಂಗಸು ತನ್ನಲ್ಲಿದ್ದ ಹರಕು ಚಾಪೆ, ಗೋಣಿಗಳನ್ನೆಲ್ಲ ಹಸಿ ಗೋಡೆಯ ತಲೆಗೆ ಹೊದೆಸುತ್ತಿದ್ದಳು. ಒಂದು ಮಳೆ ಬಿದ್ದರೆ ಆ ಗೋಡೆ ಮತ್ತೆ ಮಣ್ಣು.

"ಕಟ್ಟುಗಳನ್ನು ಅಲ್ಲಿಗೆ ಹೊರಿ," ಎಂದೆ.

ಶಾಲಾ ಸಮಿತಿಯ ಯಜಮಾನರು ಮಾಡಿನ ಮೇಲಿನಿಂದಲೇ ಕೂಗಿದರು, "ತಲೆ ಸರಿ ಉಂಟಾ ಮಾಷ್ಟ್ರೇ? ಶಾಲೆಗೆ ಎಂತ ಹೊದೆಸುದು?"

"ಕಲ್ಲಿನ ಗೋಡೆ ನೆನೆದರೆ ಒಣಗ್ತದೆ. ಅದು ನೆನೆದರೆ ಉಂಟಾ ಮಾರಾಯ್ರೆ?"

ಅವರು ನನ್ನನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಗೊಣಗುತ್ತ ಇಳಿದು, ಮೊದಲ ಕಟ್ಟನ್ನು ತಾವೇ ತಲೆಗೇರಿಸಿದರು. ಆ ಗೊಣಗಾಟ ಗುಡ್ಡೆಯ ಬುಡದವರೆಗೂ ಕೇಳಿಸುತ್ತಿತ್ತು. ಮಳೆ ಬರುವಾಗ ಕೊನೆಯ ಸಾಲು ಕಟ್ಟಿ ಆಗಿತ್ತು. ಶಾಲೆಯೊಳಗೆ ಮೊಣಕಾಲು ಮುಳುಗದಿದ್ದರೂ ಬೆಂಚುಗಳೆಲ್ಲ ತೊಯ್ದು ತೊಪ್ಪೆ.

ಆಗ ನನ್ನ ಗ್ರಹಚಾರ ನೆನೆದು ಹೆದರಿದೆ. ಇಲಾಖೆಯ ಮೇಲಿನವರು ಕೇಳಿದರೆ ಎಂತ ಹೇಳುವುದು? ಮರುದಿನ ಬೆಳಿಗ್ಗೆ ನೋಡಿದರೆ ಆ ಹೆಂಗಸು ಅಜ್ಜಿಯ ತೆಂಗಿನಗರಿ ಹೊತ್ತು ತಂದು, ತನ್ನ ಹೊಸ ಮಾಡಿನ ಕೆಳಗೆ ಮಕ್ಕಳೊಂದಿಗೆ ಶಾಲೆಯ ಮಾಡಿಗೆ ಮಡಲು ಹೆಣೆಯುತ್ತಿದ್ದಳು. ಬೇಡ, ಕೂಲಿಯವರಿಂದ ಮಾಡಿಸುತ್ತೇನೆ ಎಂದೆ. ಅವಳು ತಲೆ ಎತ್ತಲಿಲ್ಲ. "ಶಾಲೆಯ ಹುಲ್ಲು ನಾನು ಪುಕ್ಕಟೆ ತಿನ್ನುದಿಲ್ಲ," ಎಂದಳು. ಶಾಲೆ ಶುರುವಾಗುವ ಮುನ್ನಾದಿನ ಮಾಡು ಮುಚ್ಚಿತು. ಅಷ್ಟು ಒತ್ತಾದ ಹೆಣಿಗೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶಾಲೆ ಶುರುವಾದ ದಿನ ಅವಳು ಇಬ್ಬರು ಮಕ್ಕಳನ್ನೂ ಸೇರಿಸಲು ಬಂದಳು. ನಮ್ಮ ಕಡೆ ಜನರ ಹೆಸರಿಗಿಂತ ಮೊದಲು ಅವರ ಮನೆಯ ಹೆಸರು ಕೇಳುವುದು. ನಾನು ರಿಜಿಸ್ಟರಿನಲ್ಲಿ ಧಣಿಯ ಗದ್ದೆ ಬದಿಯ ಆ ಹಳೆಯ ಮನೆಯ ಹೆಸರನ್ನೇ ಬರೆಯಲು ಹೊರಟೆ.

"ಅದಲ್ಲ," ಎಂದು ತಡೆದು, ತಾನೇ ಇಟ್ಟ ಹೊಸ ಹೆಸರನ್ನು ಹೇಳಿದಳು. ಬರೆದೆ. ಅವಳಿಗೆ ಅಕ್ಷರ ಬಾರದು. ಆದರೂ ಬಗ್ಗಿ ಆ ಸಾಲನ್ನು ನೋಡಿದಳು.

"ಓದಿ ಮಾಷ್ಟ್ರೇ."

ಓದಿದೆ.

"ಇನ್ನೊಮ್ಮೆ ಓದಿ."