ಒಂದು ಹೆಬ್ಬೆರಳಿಗೆ ಎಟುಕುವ ಪುಟ

ಆಫೀಸಿನಲ್ಲಿ ಅವಳಿಗೆ ರೂಲ್ಸಮ್ಮ ಅಂತ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ವೆಬ್‌ಸೈಟ್ ವಿನ್ಯಾಸ ಮಾಡುವವರಲ್ಲಿ ಬಣ್ಣದ ಹುಚ್ಚಿನವರಿದ್ದಾರೆ, ಅಕ್ಷರದ ಹುಚ್ಚಿನವರಿದ್ದಾರೆ. ಇವಳಿಗೆ ನಿಯಮದ ಹುಚ್ಚು. ಬಟನ್ ಅಂದರೆ ಬಟನ್ನೇ ಆಗಿರಬೇಕು, ಬಟನ್ನಿನ ಥರ ಕಾಣುವ ಬಣ್ಣದ ಚೌಕ ಆಗಬಾರದು. ಚಿತ್ರ ಹಾಕಿದರೆ, ಅದು ಏನೆಂದು ಕಣ್ಣು ಕಾಣದವರಿಗೆ ಓದಿ ಹೇಳಲು ಅದರ ಹಿಂದೆ ಒಂದು ಸಾಲು ಬರೆದಿರಬೇಕು. ಲೋಕದ ವೆಬ್‌ಸೈಟ್‌ಗಳಿಗೆಲ್ಲ ಈ ನಿಯಮಗಳನ್ನು ಮಾಡಿದವರ ಮುಖವನ್ನು ಅವಳು ಕಂಡವಳಲ್ಲ. ಎಲ್ಲೆಲ್ಲೋ ಕೂತು, ವರ್ಷಗಟ್ಟಲೆ ಜಗಳವಾಡಿ, ಕೊನೆಗೆ ಹೇಗೋ ಒಂದು ಮಾತಿಗೆ ಬಂದವರು. ಅವರ ಜಗಳದ ಪುಣ್ಯದಿಂದ, ಅವಳು ಕಾಲೇಜಿನಲ್ಲಿದ್ದಾಗ ಮಾಡಿದ ಪುಟ ಇವತ್ತಿನ ಫೋನಿನಲ್ಲೂ ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ಆಮೇಲೆ ಹೊಸ ಹೊಸ ತಂತ್ರಜ್ಞಾನ ನೆಚ್ಚಿಕೊಂಡು ಕಟ್ಟಿದ್ದೆಲ್ಲ ಎರಡು ವರ್ಷ ತುಂಬುವುದರೊಳಗೆ ಮಗುಚಿ ಬಿದ್ದಿತ್ತು.

ಮಗು ಹುಟ್ಟಿದ ಮೇಲೆ ಹುಚ್ಚು ಇನ್ನೊಂದು ಸುತ್ತು ಹೆಚ್ಚಿತು. ಎಡತೋಳಿನಲ್ಲಿ ಮಗು, ಬಲಗೈಯಲ್ಲಿ ಫೋನು. ಏನು ಮಾಡುವುದಿದ್ದರೂ ಬಲಗೈ ಹೆಬ್ಬೆರಳೊಂದೇ ಗತಿ. ತಾನು ಮಾಡಿದ ಪುಟಗಳನ್ನೆಲ್ಲ ಹಾಗೇ ನಿಂತು, ಮಗುವನ್ನು ತೂಗುತ್ತ ಪರೀಕ್ಷಿಸುವುದು ರೂಢಿಯಾಯಿತು. ಹೆಬ್ಬೆರಳಿಗೆ ಎಟುಕದ್ದೆಲ್ಲ ಹೊರಗೆ.

ಈಗ ಕೈಯಲ್ಲಿದ್ದದ್ದು ಒಂದು ಮಕ್ಕಳ ಕ್ಲಿನಿಕ್ಕಿನ ಪುಟ. ಡಾಕ್ಟರ ಭೇಟಿಗೆ ಸಮಯ ಗೊತ್ತುಮಾಡಿಕೊಳ್ಳಲು ಅವಳೊಂದು ಸಾದಾ ಫಾರ್ಮ್ ಮಾಡಿಟ್ಟಿದ್ದಳು. ಮೀಟಿಂಗಿನಲ್ಲಿ ಬಾಸ್ ಅದನ್ನು ನೋಡಿ ಮೂಗು ಮುರಿದರು.

“ಇನ್ನೂ ಜನರ ಕೈಲಿ ಫಾರ್ಮ್ ತುಂಬಿಸ್ತೀರಾ? ಈಗ ಬಾಯಿ ಬಿಟ್ಟು ಹೇಳಿದ್ರೆ ಸಾಕು, ಎಐ ತಾನೇ ಬುಕ್ ಮಾಡತ್ತೆ. ಫಾರ್ಮ್ ತೆಗೀರಿ.”

“ಮಾತಾಡೋದು ಇರ್ಲಿ ಸಾರ್. ಕೆಳಗೆ ಫಾರ್ಮೂ ಇರ್ಲಿ.”

“ರೂಲ್ಸಮ್ಮ, ಕಾರು ಕೊಂಡ್ಮೇಲೂ ಹಿಂದೆ ಸೈಕಲ್ ಕಟ್ಕೊಂಡು ಓಡಾಡ್ತಾರಾ ಯಾರಾದ್ರೂ?”

ಎಲ್ಲರೂ ನಕ್ಕರು. ಗಾಜಿನ ಕೋಣೆಯ ಬಾಗಿಲು ಮುಚ್ಚಿ, ಫ್ಯಾನೂ ಆರಿಸಿ, ಬಾಸ್ ಫೋನಿಗೆ ಹೇಳಿದರು: “ನಾಳೆ ಬೆಳಿಗ್ಗೆ ಡಾಕ್ಟರನ್ನು ನೋಡಬೇಕು.” ಫೋನು ನಯವಾದ ದನಿಯಲ್ಲಿ ಒಪ್ಪಿಕೊಂಡಿತು. ಸೋಮವಾರ ಪುಟ ಜನರ ಕೈಗೆ ಹೋಗಬೇಕು, ಅಷ್ಟರೊಳಗೆ ಫಾರ್ಮ್ ತೆಗೆಯಬೇಕು ಎಂದು ತೀರ್ಮಾನವಾಯಿತು. ಎಲ್ಲೋ ಏನೋ ತಪ್ಪಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಇಂಥದ್ದೇ ಎಂದು ಬೊಟ್ಟುಮಾಡಿ ತೋರಿಸಲು ಆಗಲಿಲ್ಲ.

ಶನಿವಾರ ಬೆಳಿಗ್ಗೆ ಅವಳ ಮಗುವಿಗೇ ಕಿವಿನೋವು ಶುರುವಾಯಿತು. ಸೂರು ಹಾರಿಹೋಗುವಂಥ ಅಳು. ಮಗು ಸುಮ್ಮನೆ ಸೀನಿದರೂ ಜೀವ ಬಾಯಿಗೆ ಬರುವ ಹೆಣ್ಣು ಅವಳು. ತೋರಿಸುತ್ತಿದ್ದದ್ದು ಅದೇ ಕ್ಲಿನಿಕ್ಕಿಗೆ. ಪ್ರಯೋಗಕ್ಕೆಂದು ಹೊಸ ಪುಟವನ್ನು ಕ್ಲಿನಿಕ್ಕಿಗೆ ಆಗಲೇ ಜೋಡಿಸಿದ್ದರು. ಅದನ್ನೇ ತೆರೆದಳು.

“ಮಗೂಗೆ ಕಿವಿನೋವು. ಇವತ್ತೇ ಡಾಕ್ಟರನ್ನ ನೋಡ್ಬೇಕು.”

“ಕ್ಷಮಿಸಿ, ಕೇಳಿಸಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ.”

ಅವಳು ಕೂಗಿ ಹೇಳಿದಳು. ಮಗು ಅವಳಿಗಿಂತ ಜೋರಾಗಿ ಕೂಗಿತು.

“ಕ್ಷಮಿಸಿ, ಕೇಳಿಸಲಿಲ್ಲ.”

ಅತ್ತೆ ಬಾಗಿಲಿಗೆ ಬಂದರು. “ಯಾರಮ್ಮಾ ಅದು? ಅದಕ್ಕೂ ಕಿವಿನೋವಂತಾ?”

ಆಗ ಅವಳಿಗೆ ಹೊಳೆಯಿತು. ಮಕ್ಕಳ ಡಾಕ್ಟರನ್ನು ಹುಡುಕುವವರ ತೋಳಿನಲ್ಲಿ ಅಳುವ ಮಗು ಇರುತ್ತದೆ. ಗಾಜಿನ ಕೋಣೆಯಲ್ಲಿ ಕೂತಿದ್ದ ಅಷ್ಟು ಜನರಲ್ಲಿ ಒಬ್ಬರಿಗೂ, ಮನೆಯಲ್ಲಿದ್ದಷ್ಟು ಹೊತ್ತೂ ಮಗು ಎತ್ತಿಕೊಂಡೇ ಇರುವ ಅವಳಿಗೂ, ಇದು ತೋಚಿರಲಿಲ್ಲ.

ಇನ್ನೂ ತೆಗೆಯದೆ ಉಳಿಸಿಕೊಂಡಿದ್ದ ಫಾರ್ಮ್‌ಗೆ ಇಳಿದಳು. ಹೆಸರು ಸರಾಗವಾಗಿ ಹೋಯಿತು. ತಾರೀಖಿಗೆ ಬಂದು ಸಿಕ್ಕಿಹಾಕಿಕೊಂಡಳು. ಬ್ರೌಸರ್ ತಾನೇ ಕೊಡುವ ಕ್ಯಾಲೆಂಡರ್ ಬೂದುಬಣ್ಣದ್ದು, ಸಪ್ಪೆ ಎಂದು, ಇದೊಂದು ಕಡೆ ಮಾತ್ರ ಅವಳು ತನ್ನದೇ ಒಂದು ಚಂದದ ಕ್ಯಾಲೆಂಡರ್ ಬಿಡಿಸಿದ್ದಳು. ಪರೀಕ್ಷಿಸಿದಾಗ ಮಗು ತೋಳಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಈಗ ಒದೆಯುತ್ತಿತ್ತು. ಹೆಬ್ಬೆರಳು ಶನಿವಾರಕ್ಕೆ ಗುರಿಯಿಟ್ಟರೆ ಪಕ್ಕದ ಶುಕ್ರವಾರಕ್ಕೆ ಬೀಳುತ್ತಿತ್ತು.

“ಅದರ ಜೊತೆ ಗುದ್ದಾಡಿದ್ದು ಸಾಕು, ಸುಮ್ನೆ ಫೋನ್ ಮಾಡಮ್ಮಾ,” ಅಂದರು ಅತ್ತೆ.

ಕ್ಲಿನಿಕ್ಕಿನಲ್ಲಿ ಫೋನೆತ್ತಿದ ಹೆಂಗಸು, ಇವಳು ಬಾಯಿ ತೆರೆಯುವ ಮೊದಲೇ, “ಮಗು ಅಳೋದು ಕೇಳಿಸ್ತಿದೆ, ಕರ್ಕೊಂಡು ಬನ್ನಿ,” ಅಂದಳು.

ಔಷಧಿ ಬಿದ್ದ ಮೇಲೆ ಮಗು ಮಲಗಿತು. ಅವಳು ಕಂಪ್ಯೂಟರ್ ಮುಂದೆ ಕೂತು ಕ್ಯಾಲೆಂಡರಿಗೆ ಕೈ ಹಾಕಿದಳು.

ಪ್ರಯೋಗದ ದಿನಗಳಲ್ಲಿ ಆಡಿದ ಮಾತೆಲ್ಲ ಪುಟದಲ್ಲಿ ರೆಕಾರ್ಡ್ ಆಗುತ್ತಿತ್ತು. ಸೋಮವಾರ ಅದೇ ಗಾಜಿನ ಕೋಣೆಯಲ್ಲಿ ಅದನ್ನು ಹಾಕಿ ಕೇಳಿಸಿದಳು. ಅಳು, ಕೂಗು, ಕ್ಷಮೆ. ಮತ್ತೆ ಅಳು, ಕೂಗು, ಕ್ಷಮೆ. ಕೊನೆಯಲ್ಲಿ ಅತ್ತೆಯ ಪ್ರಶ್ನೆ. ಬಾಸ್ ಜೋರಾಗಿ ನಕ್ಕರು. ಆಮೇಲೆ ತಮ್ಮ ಫೋನಿನಲ್ಲಿ ಪುಟ ತೆರೆದು ಫಾರ್ಮ್‌ಗೆ ಇಳಿದರು.

“ಸರಿ, ಸೈಕಲ್ ಇರ್ಲಿ. ಆದ್ರೆ ಕ್ಯಾಲೆಂಡರ್ ಯಾಕೆ ಹಿಂಗಾಗಿದೆ? ಸಪ್ಪೆ. ಮೊದ್ಲಿಂದು ಚೆನ್ನಾಗಿತ್ತಲ್ರೀ?”

“ಚೆನ್ನಾಗೇ ಇತ್ತು ಸಾರ್. ಮಗು ಮಲಗಿದ್ರೆ.”

ಮಧ್ಯಾಹ್ನ ಪುಟ ಜನರ ಕೈಗೆ ಹೋಯಿತು. ಅದಕ್ಕೆ ಮೊದಲು, ಯಾರನ್ನೂ ಕೇಳದೆ, ಎಲ್ಲಕ್ಕಿಂತ ಮೇಲೆ ಕ್ಲಿನಿಕ್ಕಿನ ಫೋನ್ ನಂಬರನ್ನು ದೊಡ್ಡದಾಗಿ ಹಾಕಿದಳು. ಹೆಬ್ಬೆರಳು ಎಲ್ಲಿ ಬಿದ್ದರೂ ತಗಲುವಷ್ಟು ದೊಡ್ಡದಾಗಿ.